ಮೀನಿನ ಊಟದ ಬಗ್ಗೆ ಬರೆದ ಕಲ್ಯಾಣದ ಅರಸ

ಅಕ್ವೇರಿಯಂ ಮೀನಿಗೆ ಜೀವಂತ ಹುಳು ಹಾಕಿದರೆ ಬಣ್ಣ ಏರುತ್ತದೆ, ಬೇಗ ಬೆಳೆಯುತ್ತದೆ ಎಂಬ ಮಾತನ್ನು ಮೀನು ಸಾಕುವವರು ಕೇಳಿಯೇ ಇರುತ್ತೀರಿ. ನಮ್ಮಲ್ಲೊಬ್ಬರು ಅದನ್ನು ನಂಬಿ ಕೆಂಪು ಹುಳುಗಳ ಪೊಟ್ಟಣ ತಂದು ಗೋಲ್ಡ್ ಫಿಶ್‌ಗಳ ತೊಟ್ಟಿಗೆ ಸುರಿದರು. ವಾರದೊಳಗೆ ಎರಡು ಮೀನು ಸತ್ತವು. ಮನೆಯ ಹುಡುಗಿ ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ತಪ್ಪು ಹುಳುವಿನದೋ ನೀರಿನದೋ ಎಂದು ಹುಡುಕಲು ಹೊರಟಾಗ ದಾರಿಯಲ್ಲಿ ಸಿಕ್ಕವನು, ಸುಮಾರು 900 ವರ್ಷಗಳ ಹಿಂದೆ ಬಸವಕಲ್ಯಾಣದಲ್ಲಿ ಕುಳಿತು ಮೀನುಗಳ ಆಹಾರದ ಬಗ್ಗೆ ಬರೆದ ಒಬ್ಬ ರಾಜ.

ಅವನು ಮೂರನೆಯ ಸೋಮೇಶ್ವರ. ಆಗ ಆ ಊರಿನ ಹೆಸರು ಕಲ್ಯಾಣ, ಚಾಲುಕ್ಯರ ರಾಜಧಾನಿ. ತಂದೆ ಆರನೆಯ ವಿಕ್ರಮಾದಿತ್ಯ 1076ರಿಂದ 1126ರವರೆಗೆ, ಐವತ್ತು ವರ್ಷ ಆಳಿದ. ಹುಮನಾಬಾದ್ ತಾಲ್ಲೂಕಿನ ಜಲಸಂಗಿ ದೇವಾಲಯದ ಗೋಡೆಯಲ್ಲಿ ಶಿಲಾಬಾಲಿಕೆಯೊಬ್ಬಳು ಶಾಸನ ಬರೆಯುತ್ತಾ ನಿಂತಿದ್ದಾಳಲ್ಲ, ಅವಳು ಹೊಗಳುತ್ತಿರುವುದು ಈ ವಿಕ್ರಮಾದಿತ್ಯನನ್ನೇ. ಅಂಥ ತಂದೆಯ ನಂತರ ಪಟ್ಟಕ್ಕೆ ಬಂದ ಮಗನಿಗೆ ಸಿಕ್ಕಿದ್ದು ಹನ್ನೆರಡು ವರ್ಷ ಮಾತ್ರ.

ಭೂಲೋಕಮಲ್ಲ ಎಂಬುದು ಅವನ ಬಿರುದು. ಅವನ ಕಾಲದ ಶಾಸನಗಳಲ್ಲಿ ವರ್ಷ ಎಣಿಸುವುದೂ ಆ ಹೆಸರಿನಲ್ಲೇ. ಸರ್ವಜ್ಞ ಎಂಬ ಬಿರುದೂ ಇತ್ತು. ತ್ರಿಪದಿಗಳ ಸರ್ವಜ್ಞ ಬೇರೆ, ಅವನು ಎಷ್ಟೋ ಶತಮಾನಗಳ ನಂತರದವನು. ಇಬ್ಬರನ್ನೂ ಬೆರೆಸುವವರಿದ್ದಾರೆ, ಅದಕ್ಕೇ ಹೇಳಿದೆವು.

ಪುಸ್ತಕ ಬರೆಯುತ್ತಾ ಕುಳಿತು ರಾಜ್ಯ ಕಳೆದುಕೊಂಡ ಅರಸ ಎಂದು ಅವನನ್ನು ತಳ್ಳಿಹಾಕುವುದುಂಟು. ದಕ್ಷಿಣದಲ್ಲಿ ಹೊಯ್ಸಳ ವಿಷ್ಣುವರ್ಧನ ತಲೆ ಎತ್ತಿದ್ದು ನಿಜ, ವೆಂಗಿ ನಾಡು ಚೋಳರ ಕಡೆಗೆ ಜಾರಿದ್ದೂ ನಿಜ. ಆದರೆ ಹೊಯ್ಸಳರು ತಂದೆಯ ಕಾಲದಲ್ಲೇ ತಿರುಗಿ ಬೀಳತೊಡಗಿದ್ದರು. ತಪ್ಪನ್ನೆಲ್ಲ ಲೇಖನಿಯ ಮೇಲೆ ಹೊರಿಸುವುದು ನಮಗೆ ಸರಿ ಕಾಣುವುದಿಲ್ಲ.

ಅವನು ಬರೆದದ್ದು ಸಂಸ್ಕೃತದಲ್ಲಿ. ತಂದೆಯ ಬಗ್ಗೆ ವಿಕ್ರಮಾಂಕಾಭ್ಯುದಯ ಎಂಬುದೊಂದಿದೆ. ಹೆಸರು ಉಳಿಸಿದ್ದು ಮಾತ್ರ 1130ರ ಆಸುಪಾಸಿನ ಮಾನಸೋಲ್ಲಾಸ. ಅಭಿಲಷಿತಾರ್ಥ ಚಿಂತಾಮಣಿ ಎಂದೂ ಅದನ್ನು ಕರೆಯುತ್ತಾರೆ. ಐದು ಭಾಗ, ಭಾಗಕ್ಕೆ ಇಪ್ಪತ್ತರಂತೆ ನೂರು ಅಧ್ಯಾಯ. ಆಡಳಿತ, ವೈದ್ಯ, ಆನೆ, ರತ್ನ, ಚಿತ್ರಕಲೆ, ಸಂಗೀತ, ಅಡುಗೆ ಎಲ್ಲವೂ ಅದರಲ್ಲಿದೆ. ಇಡ್ಲಿಯ ಇತಿಹಾಸ ಹೇಳುವವರು ತಪ್ಪದೆ ಉಲ್ಲೇಖಿಸುವ ಇಡ್ಡರಿಕಾ ಇರುವುದು ಇಲ್ಲೇ. ಅದು ಬರೀ ಉದ್ದಿನದು, ಅಕ್ಕಿ ಇಲ್ಲ. ಅದೇ ಅಡುಗೆ ಅಧ್ಯಾಯದಲ್ಲಿ ಹೊಲದ ಇಲಿಯನ್ನು ಸುಡುವ ಕ್ರಮವೂ ಇದೆ. ಇಡ್ಲಿಯ ಬಗ್ಗೆ ಹೆಮ್ಮೆ ಪಡುವವರು ಇಲಿಯ ಸುದ್ದಿ ಎತ್ತುವುದಿಲ್ಲ.

ನಾಲ್ಕನೆಯ ಭಾಗ ವಿನೋದಗಳದು. ಕೋಳಿ ಕಾಳಗ, ಟಗರು ಕಾಳಗ, ಪಾರಿವಾಳ, ನಾಯಿ, ಡೇಗೆ, ಇವುಗಳ ನಡುವೆ ಒಂದು ಅಧ್ಯಾಯ ಮತ್ಸ್ಯವಿನೋದ, ಎಂದರೆ ಗಾಳದ ಮೀನುಗಾರಿಕೆ. ಸುಮಾರು 35 ಬಗೆಯ ಮೀನುಗಳನ್ನು ಅದು ಹೆಸರಿಸುತ್ತದೆ. ಸಮುದ್ರದ್ದು ಯಾವುದು, ಹೊಳೆಯದು ಯಾವುದು, ಹುರುಪೆ ಇರುವುದು ಯಾವುದು, ಇಲ್ಲದ್ದು ಯಾವುದು, ದೊಡ್ಡದು ಯಾವುದು, ಸಣ್ಣದು ಯಾವುದು ಎಂದು ವಿಂಗಡಿಸುತ್ತದೆ. ಕಲ್ಯಾಣದಿಂದ ಸಮುದ್ರ ಎಷ್ಟು ದೂರ ಎಂಬುದನ್ನು ನೆನೆದರೆ ಇದು ಸಣ್ಣ ಕೆಲಸವಲ್ಲ. ಆಮೇಲೆ ಆಹಾರದ ಮಾತು. ಎಲ್ಲ ಮೀನಿಗೂ ಒಂದೇ ತಿನಿಸು ಎಂದು ಅವನು ಹೇಳುವುದಿಲ್ಲ. ಕೆಲವಕ್ಕೆ ಹಿಟ್ಟಿನ ಉಂಡೆ, ಕೆಲವಕ್ಕೆ ಮಾಂಸ, ಹೀಗೆ ಮೀನು ನೋಡಿ ತಿನಿಸು.

ಜೀವಂತ ಹುಳುವಿನ ವಾದದಲ್ಲಿ ಬಿಟ್ಟುಹೋಗುವುದು ಇದೇ. ಫೈಟರ್ ಮೀನು ಸಹಜವಾಗಿ ಹುಳುಹುಪ್ಪಟೆ ತಿನ್ನುವ ಪ್ರಾಣಿ. ಗಪ್ಪಿ ಸೊಳ್ಳೆಯ ಮರಿಗಳನ್ನು ತಿನ್ನುತ್ತದೆ; ಮಲೇರಿಯಾ ತಡೆಗೆ ನಮ್ಮ ಆರೋಗ್ಯ ಇಲಾಖೆ ಬಾವಿ, ಕೆರೆಗಳಿಗೆ ಗಪ್ಪಿ, ಗಂಬೂಸಿಯಾ ಬಿಡುವುದು ಅದಕ್ಕಾಗಿಯೇ. ಗೋಲ್ಡ್ ಫಿಶ್ ಸೊಪ್ಪು, ಕಾಳು, ಹುಳು ಎಲ್ಲವನ್ನೂ ಮೇಯುತ್ತದೆ. ಅದಕ್ಕೆ ದಿನವೂ ಹುಳುವೇ ಆದರೆ ಹೊಟ್ಟೆ ಕೆಡುತ್ತದೆ. ಜೀವಂತ ಹುಳುವಿನಲ್ಲಿ ಪ್ರೋಟೀನ್ ಹೆಚ್ಚು, ಅಲುಗಾಡುವುದರಿಂದ ಮೀನು ಆಸೆಪಟ್ಟು ತಿನ್ನುತ್ತದೆ, ಮರಿಗಳು ಬೇಗ ಬೆಳೆಯುತ್ತವೆ. ಅಷ್ಟರ ಮಟ್ಟಿಗೆ ಆ ಮಾತು ಸುಳ್ಳಲ್ಲ.

ಆದರೆ ಸೋಮೇಶ್ವರ ತಿನಿಸು ಹಾಕುತ್ತಿದ್ದದ್ದು ಮೀನು ಹಿಡಿಯಲು, ಅದೂ ತೆರೆದ ನೀರಿನಲ್ಲಿ. ಉಳಿದದ್ದನ್ನು ನೀರು ಕರಗಿಸಿಕೊಳ್ಳುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಹಾಗಾಗುವುದಿಲ್ಲ. ತಿನ್ನದೆ ಉಳಿದ ಹುಳು ಕಲ್ಲಿನ ಸಂದಿಯಲ್ಲಿ ಸತ್ತು ಕೊಳೆಯುತ್ತದೆ, ಅಮೋನಿಯಾ ಏರುತ್ತದೆ, ಮೀನಿನ ಕಿವಿರು ಸುಡುತ್ತದೆ. ಅಂಗಡಿಯ ಕೆಂಪು ಹುಳು ಹೆಚ್ಚಾಗಿ ಟ್ಯೂಬಿಫೆಕ್ಸ್. ಅದು ಚರಂಡಿಯ ಕೆಸರಿನಲ್ಲಿ, ಆಮ್ಲಜನಕ ತೀರ ಕಡಿಮೆ ಇರುವಲ್ಲಿ ತಲೆ ಹೂತು ಬಾಲ ಆಡಿಸುತ್ತಾ ಬದುಕುತ್ತದೆ. ಅದರ ಕೆಂಪು ಬಣ್ಣ ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್‌ನದು. ಕೆಸರಿನ ಬ್ಯಾಕ್ಟೀರಿಯಾ ಅದರ ಹೊಟ್ಟೆಯಲ್ಲೂ ಇರುತ್ತದೆ. ಮೇಲೆ ಮೇಲೆ ತೊಳೆದರೆ ಹೋಗುವುದಿಲ್ಲ. ಹಾಕಲೇಬೇಕಿದ್ದರೆ ಕೆಲವು ದಿನ ನೀರು ಬದಲಿಸುತ್ತಾ ಇಟ್ಟು, ಕೆಲವೇ ನಿಮಿಷದಲ್ಲಿ ಮುಗಿಯುವಷ್ಟು ಮಾತ್ರ ಹಾಕಿ, ಉಳಿದದ್ದನ್ನು ತೆಗೆದುಬಿಡಿ. ಒಣಗಿಸಿದ ಹುಳುವಿನಲ್ಲಿ ಅಪಾಯ ಕಡಿಮೆ. ಮನೆಯಲ್ಲೇ ಬಕೆಟ್ ನೀರಿಟ್ಟು ಸೊಳ್ಳೆ ಮರಿ ಬೆಳೆಸುವುದಂತೂ ಬೇಡ; ಒಂದು ವಾರ ಮರೆತರೆ ಮೀನಿಗೆ ಊಟವಲ್ಲ, ಮನೆಯವರಿಗೆ ಡೆಂಗಿ.

ನಮ್ಮ ಗೋಲ್ಡ್ ಫಿಶ್‌ಗಳ ವಿಷಯಕ್ಕೆ ಬಂದರೆ, ಹುಳುವಿಗಿಂತ ಹೆಚ್ಚು ತಪ್ಪು ಸುರಿದ ಕೈಯದು ಎಂದೇ ನಮಗನಿಸುತ್ತದೆ. ಒಂದು ಪೊಟ್ಟಣ ಪೂರ್ತಿ, ಎರಡು ಅಡಿಯ ತೊಟ್ಟಿಗೆ.

ಸೋಮೇಶ್ವರ 1138ರಲ್ಲಿ ತೀರಿಕೊಂಡ. ಮಗ ಎರಡನೆಯ ಜಗದೇಕಮಲ್ಲ ಪಟ್ಟಕ್ಕೆ ಬಂದ. ಇನ್ನೆರಡು ದಶಕಗಳಲ್ಲಿ ಕಲ್ಯಾಣ ಕಳಚುರಿ ಬಿಜ್ಜಳನ ಕೈಗೆ ಹೋಯಿತು, ಅಲ್ಲಿ ಬಸವಣ್ಣನ ಕಾಲ ಶುರುವಾಯಿತು. ಊರಿಗೆ ಇಂದಿರುವ ಹೆಸರು ಬಂದದ್ದು ಬಸವಣ್ಣನಿಂದ, ಅರಸರಿಂದಲ್ಲ. ಮಾನಸೋಲ್ಲಾಸ ಹಸ್ತಪ್ರತಿಗಳಲ್ಲಿ ಉಳಿದು, 1925ರಿಂದ ಬರೋಡಾದ ಗಾಯಕವಾಡ ಗ್ರಂಥಮಾಲೆಯಲ್ಲಿ ಅಚ್ಚಾಗತೊಡಗಿತು.

ಅದರ ಮೀನಿನ ಅಧ್ಯಾಯವನ್ನು ಮೀನು ಬಲ್ಲವರೊಬ್ಬರು ವಿಜ್ಞಾನಿಯ ಕಣ್ಣಿನಿಂದ ಓದಿದ್ದು 1951ರಲ್ಲಿ. ಅವರು ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ನಿರ್ದೇಶಕರಾಗಿದ್ದ ಸುಂದರ್ ಲಾಲ್ ಹೋರಾ. ರಾಜ ಕೊಟ್ಟ ಹೆಸರು, ಗಾತ್ರ, ಹುರುಪೆಗಳ ವಿವರ ಹಿಡಿದು ಇದು ಯಾವ ಮೀನಿರಬಹುದು ಎಂದು ಒಂದೊಂದನ್ನೇ ಹುಡುಕಲು ಅವರು ಕುಳಿತರು. ರೋಹಿತ ಎಂಬುದನ್ನು ಗುರುತಿಸುವುದು ಅಷ್ಟು ಕಷ್ಟವಿರಲಿಲ್ಲ. ಅದು ಇವತ್ತಿಗೂ ಸಂತೆಯಲ್ಲಿ ರೋಹು ಎಂದು ಸಿಗುತ್ತದೆ.