ಗಣಿತ ವಿದುಷಿ ಎಮ್ಮಿ ನೋಥರ್

ಪದವಿ, ವೇತನ, ಮನ್ನಣೆ ಇವಾವುವೂ ದೊರೆಯದ ಕಾಲದಲ್ಲಿಯೂ ಜ್ಞಾನಸಾಧನೆಯನ್ನು ಬಿಡದವರ ಸಾಲಿನಲ್ಲಿ ಎಮ್ಮಿ ನೋಥರ್ ಅವರ ಹೆಸರು ಹಿರಿದು. 1882ರ ಮಾರ್ಚ್ 23ರಂದು ಜರ್ಮನಿಯ ಎರ್ಲಾಂಗನ್ ನಗರದ ಯೆಹೂದಿ ಕುಟುಂಬದಲ್ಲಿ ಅವರು ಜನಿಸಿದರು. ತಂದೆ ಮ್ಯಾಕ್ಸ್ ನೋಥರ್ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕರು. 1900ರಲ್ಲಿ ಫ್ರೆಂಚ್ ಮತ್ತು ಇಂಗ್ಲಿಷ್ ಬೋಧಿಸುವ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾದ ಎಮ್ಮಿ, ಶಾಲಾ ಶಿಕ್ಷಕಿಯಾಗುವ ಸುಗಮ ಹಾದಿಯನ್ನು ತೊರೆದು ಗಣಿತದತ್ತ ತಿರುಗಿದರು. 986 ವಿದ್ಯಾರ್ಥಿಗಳಿದ್ದ ಆ ವಿಶ್ವವಿದ್ಯಾಲಯದಲ್ಲಿ ಸ್ತ್ರೀಯರು ಇಬ್ಬರೇ. ಅವರಿಗೂ ಆಯಾ ಅಧ್ಯಾಪಕರ ಅನುಮತಿ ಪಡೆದು ಪಾಠ ಕೇಳುವಷ್ಟೇ ಅವಕಾಶ.

1907ರಲ್ಲಿ ಡಾಕ್ಟರೇಟ್ ಪಡೆದ ಮೇಲೆ ಸುಮಾರು ಏಳು ವರ್ಷ ಅವರು ಎರ್ಲಾಂಗನ್ನಿನಲ್ಲಿ ವೇತನವಿಲ್ಲದೆ ದುಡಿದರು. 1915ರಲ್ಲಿ ಹಿಲ್ಬರ್ಟ್ ಮತ್ತು ಕ್ಲೈನ್ ಎಂಬ ಗಣಿತಶ್ರೇಷ್ಠರು ಅವರನ್ನು ಗ್ಯೊಟಿಂಗೆನ್ನಿಗೆ ಕರೆಸಿಕೊಂಡರು. ಸ್ತ್ರೀಯೊಬ್ಬಳಿಗೆ ಬೋಧನಾಧಿಕಾರ ಕೊಡಲು ಹಲವು ಪ್ರಾಧ್ಯಾಪಕರು ಒಪ್ಪಲಿಲ್ಲ. ಅವರ ಉಪನ್ಯಾಸಗಳು ಹಿಲ್ಬರ್ಟರ ಹೆಸರಿನಲ್ಲಿ ಪ್ರಕಟವಾಗುತ್ತಿದ್ದವು. ಅಧಿಕಾರ ದೊರೆತದ್ದು 1919ರಲ್ಲಿ. ಅಲ್ಪ ಸಂಭಾವನೆ 1923ರಲ್ಲಿ.

ಅವರ ಕೀರ್ತಿಗೆ ಕಾರಣವಾದ ಕಾರ್ಯವನ್ನು ಅರಿಯಲು ಒಂದು ಸರಳ ಉದಾಹರಣೆ ಸಾಕು. ಪೂರ್ಣಾಂಕಗಳಲ್ಲಿ 5 ಅವಿಭಾಜ್ಯ. ಅವುಗಳಿಗೆ √−1 ಅನ್ನು ಸೇರಿಸಿ ವಿಸ್ತರಿಸಿದೊಡನೆ ಅದು 2+√−1 ಮತ್ತು 2−√−1 ಎಂಬ ಎರಡು ಅಪವರ್ತನಗಳಾಗಿ ಒಡೆಯುತ್ತದೆ. 3 ಮಾತ್ರ ಒಡೆಯದೆ ನಿಲ್ಲುತ್ತದೆ. √−5 ಅನ್ನು ಸೇರಿಸಿದರೆ ತೊಡಕು ಹೆಚ್ಚು: 6 ಎಂಬುದು 2×3 ಆಗಿಯೂ, (1+√−5)(1−√−5) ಆಗಿಯೂ ಒಡೆದು, ಏಕೈಕ ಅಪವರ್ತನದ ನಿಯಮವೇ ಮುರಿಯುತ್ತದೆ. ಒಂಟಿ ಸಂಖ್ಯೆಗಳ ಬದಲು ಐಡಿಯಲ್ ಎಂಬ ಸಂಖ್ಯಾಸಮೂಹಗಳನ್ನು ಬಳಸಿ ಡೆಡೆಕಿಂಡ್ 1871ರಲ್ಲಿ ಈ ನಿಯಮವನ್ನು ಉಳಿಸಿದ್ದರು. ನೋಥರ್ ಆ ವಿಚಾರವನ್ನು ಸಂಖ್ಯೆಗಳ ಎಲ್ಲೆ ದಾಟಿಸಿ, ರಿಂಗ್ ಎಂಬ ಸಾಮಾನ್ಯ ರಚನೆಗಳಿಗೆ ವ್ಯಾಪಿಸಿದರು. 1921ರ ಪ್ರಬಂಧದಲ್ಲಿ ಐಡಿಯಲ್‌ಗಳ ಏರುಸರಣಿ ಎಲ್ಲಿಯಾದರೂ ನಿಲ್ಲಲೇಬೇಕೆಂಬ ಒಂದೇ ನಿಬಂಧನೆಯನ್ನು ಅಡಿಪಾಯವಾಗಿರಿಸಿಕೊಂಡರು. ಅವಿಭಾಜ್ಯ ಐಡಿಯಲ್‌ಗಳಾಗಿ ಏಕೈಕ ರೀತಿಯಲ್ಲಿ ಒಡೆಯುವ ರಿಂಗ್‌ಗಳ ಲಕ್ಷಣವನ್ನು 1927ರಲ್ಲಿ ನಿರೂಪಿಸಿದರು.

ಈ ತಳಹದಿಯ ಮೇಲೆ 1937ರಲ್ಲಿ ಕ್ರುಲ್, 1946ರಲ್ಲಿ ಕೋಹೆನ್ ಮತ್ತು ಸೈಡನ್‌ಬರ್ಗ್ ಮುಂದಿನ ಪ್ರಮೇಯಗಳನ್ನು ಕಟ್ಟಿದರು. ಮಾನ್ವಿಯ ನೀರಾವರಿ ಹೊಲದ ಕಾಲುವೆಯನ್ನು ಹಿಂಬಾಲಿಸಿದರೆ ತುಂಗಭದ್ರೆಯ ಎಡದಂಡೆ ನಾಲೆ ಸಿಗುವಂತೆ, ವಿಸ್ತೃತ ರಿಂಗ್‌ನ ಪ್ರತಿ ಅವಿಭಾಜ್ಯ ಐಡಿಯಲ್ ಕೆಳಗಿನ ಒಂದೇ ಅವಿಭಾಜ್ಯ ಐಡಿಯಲ್‌ಗೆ ಇಳಿಯುತ್ತದೆ. ಪೂರ್ಣಾಂಕೀಯ ವಿಸ್ತರಣೆಯಲ್ಲಿ ಕೆಳಗಿನ ಪ್ರತಿಯೊಂದರ ಮೇಲೆಯೂ ಒಂದಾದರೂ ಇದ್ದೇ ಇರುತ್ತದೆ, ಯಾವುದೂ ಅನಾಥವಾಗುವುದಿಲ್ಲ.

1933ರಲ್ಲಿ ನಾಜಿ ಸರಕಾರ ಯೆಹೂದಿಗಳನ್ನು ಹುದ್ದೆಗಳಿಂದ ತೆಗೆದಾಗ ನೋಥರ್ ಅವರ ಸ್ಥಾನವೂ ಹೋಯಿತು. ಅವರು ಧೃತಿಗೆಡದೆ ಮನೆಯಲ್ಲಿಯೇ ವಿದ್ಯಾರ್ಥಿಗಳಿಗೆ ಪಾಠ ಮುಂದುವರಿಸಿದರು. ಅದೇ ವರ್ಷ ಅಮೆರಿಕದ ಬ್ರಿನ್ ಮಾರ್ ಮಹಿಳಾ ಕಾಲೇಜು ಆಶ್ರಯ ನೀಡಿತು. ಶಸ್ತ್ರಚಿಕಿತ್ಸೆಯ ತರುವಾಯ 1935ರ ಏಪ್ರಿಲ್ 14ರಂದು, 53ನೆಯ ವಯಸ್ಸಿನಲ್ಲಿ, ಅವರು ಅಲ್ಲಿಯೇ ಕಣ್ಮುಚ್ಚಿದರು.

ರಾಯಚೂರು, ದೇವದುರ್ಗ, ಮಾನ್ವಿಗಳಿಂದ ಹೊರಟು ಉನ್ನತ ಬೀಜಗಣಿತ ಕಲಿಯುವ ವಿದ್ಯಾರ್ಥಿನಿಗೆ ಇಂದು ಮೊದಲ ಪುಟಗಳಲ್ಲಿಯೇ ನೋಥರಿಯನ್ ರಿಂಗ್ ಎದುರಾಗುತ್ತದೆ. ತರಗತಿಯ ಬಾಗಿಲಲ್ಲಿ ತಡೆಯಲ್ಪಟ್ಟವರ ಹೆಸರು ಇಂದು ಆ ವಿದ್ಯೆಯ ಹೊಸ್ತಿಲಲ್ಲಿಯೇ ನೆಲೆಸಿದೆ.