ನಾಟಕರತ್ನ ಗುಬ್ಬಿ ವೀರಣ್ಣನವರು

ಕಳೆದ ದಸರೆಯ ರಜೆಗೆ ಮುನ್ನ ನಮ್ಮ ಗ್ರಂಥಾಲಯದಲ್ಲಿ ಒಂದು ಚಿತ್ರಸಂಪುಟ ಕೈಗೆ ಸಿಕ್ಕಿತು. ಅದರ ತುಂಬ ಅಮೆರಿಕದ ಹಳೆಯ ಸರ್ಕಸ್ಸುಗಳ ಛಾಯಾಚಿತ್ರಗಳು: ಕೆತ್ತನೆಯ ಬಂಡಿಗಳು, ಅವನ್ನೆಳೆಯುವ ಕುದುರೆಗಳ ಸಾಲು, ಮುಖಕ್ಕೆ ಬಣ್ಣ ಬಳಿದ ವಿದೂಷಕರು. ನೋಡುತ್ತ ನೋಡುತ್ತ ಬಾಗಲಗುಂಟೆಯ ನಮ್ಮ ಮನೆಯಲ್ಲಿ ಅಜ್ಜಿ ಹೇಳುತ್ತಿದ್ದ ಕಥೆ ನೆನಪಾಯಿತು. ಅವಳ ತಂದೆ ಗುಬ್ಬಿ ಕಂಪನಿಯ ನಾಟಕಕ್ಕೆ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದರಂತೆ. ರಂಗದ ಮೇಲೆ ಜೀವಂತ ಆನೆ ಬಂದಿತ್ತೆಂದು ಅವಳು ಹೇಳಿದಾಗ ನಾನು ನಕ್ಕಿದ್ದೆ. ಓದಿ ನೋಡಿದರೆ ಅಜ್ಜಿಯ ಮಾತೇ ನಿಜ.

ತುಮಕೂರು ದಾಟಿ ಸುಮಾರು 20 ಕಿ.ಮೀ. ಹೋದರೆ ಗುಬ್ಬಿ. ಅಲ್ಲಿಯ ಚನ್ನಬಸವೇಶ್ವರ ನಾಟಕ ಕಂಪನಿ 1884ರಲ್ಲಿ ಹುಟ್ಟಿತು, ವೀರಣ್ಣನವರು 1891ರಲ್ಲಿ. ಉಳಿದ ಮಕ್ಕಳು ಅಕ್ಷರ ತಿದ್ದುವ ವಯಸ್ಸಿಗೇ ಅವರು ಬಾಲನಟರಾಗಿ ಕಂಪನಿ ಸೇರಿದರು. ಮುಂದೆ ಅದಕ್ಕೆ ಒಡೆಯರೂ ಆದರು. ಹಾಸ್ಯ ಅವರಿಗೆ ಒಲಿದ ವಿದ್ಯೆ. ಸದಾರಮೆ ನಾಟಕದಲ್ಲಿ ಅವರ ಕಳ್ಳನ ಪಾತ್ರ ಮನೆಮಾತಾಯಿತು. ನಾಯಕನಿಗಿಂತ ಕಳ್ಳನೇ ಜನಪ್ರಿಯನಾಗುವುದು ವಿಚಿತ್ರವಲ್ಲವೆ!

ಕಂಪನಿ ನಡೆಸುವುದು ಒಂದು ಊರನ್ನೇ ಹೊತ್ತು ತಿರುಗಿದಂತೆ. ಪರದೆ, ಉಡುಪಿನ ಪೆಟ್ಟಿಗೆ, ಹಾರ್ಮೋನಿಯಂ, ಅಡಿಗೆಯ ಹಂಡೆ, ಎಳೆಯ ಮಕ್ಕಳು, ಎಲ್ಲವೂ ಒಂದು ಕ್ಯಾಂಪಿನಿಂದ ಇನ್ನೊಂದು ಕ್ಯಾಂಪಿಗೆ ಸಾಗಬೇಕು. ಮಳೆ ಹಿಡಿದರೆ ವಸೂಲಿಯಿಲ್ಲ. ಊಟ ಮಾತ್ರ ನಿಲ್ಲುವಂತಿಲ್ಲ. ಇಂಥ ಸಂಸಾರವನ್ನು ಹೊತ್ತುಕೊಂಡೇ ಅವರು 1934ರಲ್ಲಿ ಕುರುಕ್ಷೇತ್ರ ನಾಟಕಕ್ಕೆ ಆನೆ ಕುದುರೆಗಳನ್ನು ತಂದರು. ಗಂಡಸರೇ ಸ್ತ್ರೀಪಾತ್ರ ಮಾಡುತ್ತಿದ್ದ ಕಾಲದಲ್ಲಿ ಸ್ತ್ರೀಯರನ್ನು ರಂಗಕ್ಕೆ ಕರೆತಂದರು. ಅವರ ಪತ್ನಿ ಬಿ. ಜಯಮ್ಮನವರು ಹೆಸರಾಂತ ನಟಿ. ಸಿನಿಮಾಕ್ಕೂ ಕೈ ಹಾಕಿದರು. ಇದೇ ಕಂಪನಿಯಲ್ಲಿ ಪಳಗಿದ ಮುತ್ತುರಾಜ್ 1954ರ ಬೇಡರ ಕಣ್ಣಪ್ಪ ಚಿತ್ರದಿಂದ ರಾಜ್‌ಕುಮಾರ್ ಎನಿಸಿದರು. ವೀರಣ್ಣನವರಿಗೆ 1972ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು.

ಆದರೆ ಆನೆಗಿಂತಲೂ ನನ್ನ ಮನಸ್ಸನ್ನು ಹಿಡಿದದ್ದು ಬೇರೊಂದು ಸಂಗತಿ. ದಕ್ಷಿಣ ಕನ್ನಡದಿಂದ ಮನೆ ಬಿಟ್ಟು ಓಡಿ ಬಂದ ಹುಡುಗನೊಬ್ಬ ಕಂಪನಿ ಸೇರಿದ್ದ. ಸಣ್ಣಪುಟ್ಟ ಪಾತ್ರಗಳನ್ನೂ ಕೆಲಸಗಳನ್ನೂ ಮಾಡಿಕೊಂಡಿದ್ದ ಅವನನ್ನು ವೀರಣ್ಣನವರು ಕಾಶಿಗೆ ಓದಲು ಕಳುಹಿಸಿದರು. ಅವನು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಹಿಂದಿ ಎಂ.ಎ. ಮಾಡಿದ. ಅವರೇ ಬಿ.ವಿ. ಕಾರಂತರು, ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ನಿರ್ದೇಶಕರಾದರು. ಶಾಲೆಯ ಬಾಲ್ಯವನ್ನು ರಂಗಕ್ಕೆ ಒಪ್ಪಿಸಿದ ಒಬ್ಬ ಒಡೆಯರು, ಕೈಗೆ ಬಂದ ಹುಡುಗನನ್ನು ಕಂಪನಿಯಲ್ಲೇ ಇರಿಸಿಕೊಳ್ಳದೆ ಅಷ್ಟು ದೂರ ಏಕೆ ಕಳುಹಿಸಿದರು?

ನಮ್ಮ ತಂದೆಯವರು ಪೀಣ್ಯದಲ್ಲಿ ಲೇತ್ ಕೆಲಸ ಮಾಡುತ್ತಾರೆ. ನಮ್ಮ ಮನೆಯಲ್ಲಿ ಬಿ.ಎ. ವರೆಗೆ ಬಂದವನು ನಾನೇ ಮೊದಲು. ಪಿ.ಯು.ಸಿ. ಆದಮೇಲೆ ನನ್ನನ್ನೂ ಕಾರ್ಖಾನೆಗೆ ಸೇರಿಸೆಂದು ನೆಂಟರೆಲ್ಲ ಹೇಳಿದ್ದರು. ತಂದೆಯವರು ಏನೂ ವಾದಿಸಲಿಲ್ಲ. ಮರುದಿನ ರಜೆ ಹಾಕಿ ಕಾಲೇಜಿನ ಅರ್ಜಿ ತಂದರು. ಮೊನ್ನೆ ರಾತ್ರಿ ಪಾಳಿ ಮುಗಿಸಿ ಬಂದವರಿಗೆ ಕಾರಂತರ ಈ ಕಥೆ ಹೇಳಿದೆ. ಕೇಳಿಸಿಕೊಂಡು, ನನ್ನ ಪರೀಕ್ಷಾ ಶುಲ್ಕಕ್ಕೆ ಕೊನೆಯ ದಿನ ಯಾವುದೆಂದು ವಿಚಾರಿಸಿದರು.