ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಗುಟ್ಟು ಕಂಡ ರೊನಾಲ್ಡ್ ರಾಸ್: ಬೆಂಗಳೂರಿನ ತೊಟ್ಟಿಯಿಂದ ನಮ್ಮ ದನದ ಕೊಟ್ಟಿಗೆವರೆಗೆ

2022ರಲ್ಲಿ ನಮ್ಮ ರಾಜ್ಯದ ದನಗಳಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಸಂದೇಶ ಓಡಾಡಿದ್ದು ನೆನಪಿರಬಹುದು. ರೋಗ ಬಂದ ಊರಿನ ಹಾಲು ಕುಡಿದರೆ ಮನುಷ್ಯರಿಗೂ ಮೈತುಂಬ ಗಂಟು ಏಳುತ್ತವೆ ಎನ್ನುವ ಸಂದೇಶ ಅದು. ಅದು ಸುಳ್ಳು. ಆ ರೋಗ ಮನುಷ್ಯರಿಗೆ ತಗಲುವುದಿಲ್ಲ. ಅದನ್ನು ಒಂದು ದನದಿಂದ ಇನ್ನೊಂದಕ್ಕೆ ಸಾಗಿಸುವುದು ಹೆಚ್ಚಾಗಿ ರಕ್ತ ಹೀರುವ ನೊಣ, ಸೊಳ್ಳೆ ಮತ್ತು ಉಣ್ಣಿಗಳು.

ಕಚ್ಚುವ ಹುಳ ರೋಗ ಹರಡುತ್ತದೆ ಎಂಬುದು ಇಂದು ಶಾಲೆ ಮಕ್ಕಳಿಗೂ ಗೊತ್ತು. ಆದರೆ 130 ವರ್ಷಗಳ ಹಿಂದೆ ದೊಡ್ಡ ದೊಡ್ಡ ವೈದ್ಯರೇ ಇದನ್ನು ನಂಬುತ್ತಿರಲಿಲ್ಲ. ಅದನ್ನು ಸಾಬೀತು ಮಾಡಿದವರಲ್ಲಿ ಮುಖ್ಯರಾದವರು ರೊನಾಲ್ಡ್ ರಾಸ್. ಅವರ ಬದುಕಿನ ಕೆಲವು ಮಹತ್ವದ ವರ್ಷಗಳು ಕಳೆದದ್ದು ಬೆಂಗಳೂರಿನಲ್ಲಿ.

ಕವಿಯಾಗಬೇಕೆಂದವರು ಡಾಕ್ಟರಾದರು

ರಾಸ್ ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ತಪ್ಪಲಿನ ಆಲ್ಮೋರಾದಲ್ಲಿ. ಮೀರತ್‌ನಲ್ಲಿ ಸಿಪಾಯಿಗಳು ದಂಗೆ ಎದ್ದು ಆಗಿನ್ನೂ ಮೂರು ದಿನವಾಗಿತ್ತು. ತಂದೆ ಬ್ರಿಟಿಷ್ ಭಾರತದ ಸೈನ್ಯದ ಅಧಿಕಾರಿ. ಎಂಟು ವರ್ಷದ ಹುಡುಗನನ್ನು ಓದಲು ಇಂಗ್ಲೆಂಡಿಗೆ ಕಳಿಸಿದರು. ಹುಡುಗನಿಗೆ ಕವಿತೆ, ಸಂಗೀತ, ಗಣಿತದ ಹುಚ್ಚು. ತಂದೆಗೆ ಮಗ ಡಾಕ್ಟರಾಗಬೇಕೆಂಬ ಹಟ. ಕೊನೆಗೆ ಗೆದ್ದದ್ದು ತಂದೆಯೇ. 1881ರಲ್ಲಿ ರಾಸ್ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿ ಭಾರತಕ್ಕೆ ಮರಳಿದರು.

ಬೆಂಗಳೂರಿನ ನೀರಿನ ತೊಟ್ಟಿ

1883ರಲ್ಲಿ ಅವರು ಬೆಂಗಳೂರು ದಂಡಿನ ಡಾಕ್ಟರಾಗಿದ್ದರು. ಉಳಿದುಕೊಂಡಿದ್ದ ಬಂಗಲೆ ಚೆನ್ನಾಗಿತ್ತು, ಸೊಳ್ಳೆ ಕಾಟ ಮಾತ್ರ ವಿಪರೀತ. ಉಳಿದ ಕೋಣೆಗಳಿಗಿಂತ ತನ್ನ ಕೋಣೆಯಲ್ಲೇ ಸೊಳ್ಳೆ ಹೆಚ್ಚು ಏಕೆ ಎಂದು ಹುಡುಕಿದಾಗ ಕಿಟಕಿಯ ಹೊರಗೆ ಒಂದು ನೀರಿನ ತೊಟ್ಟಿ ಕಂಡಿತು. ಒಳಗೆ ಮರಿಹುಳಗಳು ಕುಣಿಯುತ್ತಿದ್ದವು. ತೊಟ್ಟಿಯನ್ನು ಬೋರಲು ಹಾಕಿದ ಮೇಲೆ ಸೊಳ್ಳೆ ಕಾಟ ಬಹಳ ಕಡಿಮೆಯಾಯಿತು.

ಅವರು ಮೇಲಿನ ಅಧಿಕಾರಿಯೊಬ್ಬರ ಬಳಿ ಹೋಗಿ, ದಂಡಿನಲ್ಲಿ ನೀರು ನಿಂತ ಪಾತ್ರೆಗಳನ್ನೆಲ್ಲ ಹೀಗೇ ಬರಿದು ಮಾಡೋಣ ಎಂದರು. ಅಧಿಕಾರಿ ಒಪ್ಪಲಿಲ್ಲ. ಪ್ರಕೃತಿಯ ವ್ಯವಸ್ಥೆಯಲ್ಲಿ ಕೈಹಾಕಬಾರದು ಎನ್ನುವುದು ಅವರ ವಾದವಾಗಿತ್ತು. ಆಗ ರಾಸ್‌ಗೆ ಸೊಳ್ಳೆಗೂ ಮಲೇರಿಯಾಕ್ಕೂ ನಂಟಿದೆ ಎಂಬುದು ಗೊತ್ತೇ ಇರಲಿಲ್ಲ. ಕಾಯಿಲೆ ಗೊತ್ತಾಗುವ ಮೊದಲೇ ಅದರ ಒಂದು ಮದ್ದು ಕೈಗೆ ಸಿಕ್ಕಿತ್ತು!

ಕೆಟ್ಟ ಗಾಳಿಯೋ? ಕೆಟ್ಟ ನೀರೋ?

ಮಲೇರಿಯಾ ಎಂಬ ಹೆಸರಿಗೆ ಇಟಾಲಿಯನ್ ಭಾಷೆಯಲ್ಲಿ ಕೆಟ್ಟ ಗಾಳಿ ಎಂದರ್ಥ. ಜೌಗು ನೆಲದಿಂದ ಏಳುವ ಗಾಳಿಯೇ ಜ್ವರ ತರುತ್ತದೆ ಎಂದು ಜನ ನಂಬಿದ್ದರು. 1880ರಲ್ಲಿ ಫ್ರಾನ್ಸಿನ ಸೇನಾ ವೈದ್ಯ ಲಾವೆರಾನ್ ರೋಗಿಯ ರಕ್ತದಲ್ಲಿ ಒಂದು ಸೂಕ್ಷ್ಮ ಪರಾವಲಂಬಿ ಜೀವಿಯನ್ನು ಕಂಡರು. ಅದು ರಕ್ತಕ್ಕೆ ಬರುವುದು ಹೇಗೆ ಎಂಬುದು ಮಾತ್ರ ಯಾರಿಗೂ ತಿಳಿಯಲಿಲ್ಲ.

1894ರಲ್ಲಿ ರಾಸ್ ರಜೆಯ ಮೇಲೆ ಲಂಡನ್ನಿಗೆ ಹೋದಾಗ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಹಿರಿಯ ವೈದ್ಯರು ಸೂಕ್ಷ್ಮದರ್ಶಕದಲ್ಲಿ ಆ ಜೀವಿಯನ್ನು ತೋರಿಸಿದರು. ಸೊಳ್ಳೆಯ ಮೇಲೆ ಅನುಮಾನವಿದೆ ಎಂದೂ ಹೇಳಿದರು. ಆದರೆ ಮ್ಯಾನ್ಸನ್ ಅವರ ಊಹೆ ಅರ್ಧ ಸರಿ, ಅರ್ಧ ತಪ್ಪು. ರಕ್ತ ಹೀರಿದ ಸೊಳ್ಳೆ ನೀರಿನಲ್ಲಿ ಸಾಯುತ್ತದೆ, ಆ ನೀರು ಕುಡಿದವರಿಗೆ ಜ್ವರ ಬರುತ್ತದೆ ಎಂದು ಅವರು ಭಾವಿಸಿದ್ದರು.

1895ರಲ್ಲಿ ಸಿಕಂದರಾಬಾದಿಗೆ ಬಂದ ರಾಸ್ ಅದನ್ನೂ ಪರೀಕ್ಷಿಸಿದರು. ಸೊಳ್ಳೆ ಸತ್ತ ನೀರನ್ನು ಒಪ್ಪಿ ಮುಂದೆ ಬಂದವರಿಗೆ ಕುಡಿಸಿದರು. ಇಂದಾದರೆ ಇಂಥ ಪ್ರಯೋಗಕ್ಕೆ ಯಾರೂ ಅನುಮತಿ ಕೊಡುವುದಿಲ್ಲ. ಫಲಿತಾಂಶ ಆ ಊಹೆಯನ್ನು ಗಟ್ಟಿಮಾಡಲಿಲ್ಲ. ಗುರುಗಳು ಹೇಳಿದರು ಎಂಬ ಕಾರಣಕ್ಕೆ ರಾಸ್ ಅದಕ್ಕೇ ಅಂಟಿಕೊಳ್ಳಲಿಲ್ಲ.

ಅದೇ ವರ್ಷ ಬೆಂಗಳೂರಿಗೆ ಕಾಲರಾ ಬಂತು. ಊರಿನ ನೈರ್ಮಲ್ಯ ಸರಿಪಡಿಸಲು ಸರ್ಕಾರ ರಾಸ್‌ರನ್ನು ಮತ್ತೆ ಇಲ್ಲಿಗೆ ಕಳಿಸಿತು. ಸೊಳ್ಳೆಯ ಕೆಲಸ ಹಿಂದೆ ಬಿತ್ತು. 1897ರಲ್ಲಿ ಊಟಿ ಹತ್ತಿರದ ಸೀಗೂರು ಘಾಟಿಗೆ ಮಲೇರಿಯಾ ಹುಡುಕಿಕೊಂಡು ಹೋದಾಗ ಸ್ವತಃ ಅವರಿಗೇ ಮಲೇರಿಯಾ ಬಂತು.

1897ರ ಆಗಸ್ಟ್ 20

ಸಿಕಂದರಾಬಾದಿಗೆ ಮರಳಿದ ರಾಸ್ ಬೇಗಂಪೇಟೆಯ ಬಿಸಿಲಲ್ಲಿ ಸೊಳ್ಳೆಗಳನ್ನು ಒಂದೊಂದಾಗಿ ಸೀಳಿ ನೋಡುತ್ತಾ ಕುಳಿತರು. ಫ್ಯಾನ್ ಹಾಕಿಸುವಂತಿರಲಿಲ್ಲ, ಗಾಳಿಗೆ ಸೊಳ್ಳೆ ಹಾರಿಹೋಗುತ್ತಿತ್ತು. ಅವರು ಅಲ್ಲಿಯವರೆಗೆ ನೋಡಿದ್ದು ಹೆಚ್ಚಾಗಿ ಬೂದು ಮತ್ತು ಪಟ್ಟೆ ಸೊಳ್ಳೆಗಳನ್ನು. ಏನೂ ಸಿಕ್ಕಿರಲಿಲ್ಲ.

ಆಗಸ್ಟ್ ಮಧ್ಯದಲ್ಲಿ ಸಹಾಯಕರು ಬೇರೆ ಜಾತಿಯ ಮರಿಹುಳ ತಂದುಕೊಟ್ಟರು. ಬೆಳೆದ ಸೊಳ್ಳೆಗಳ ರೆಕ್ಕೆಯ ಮೇಲೆ ಚುಕ್ಕೆಗಳಿದ್ದವು. ಅದೇ ಅನಾಫಿಲಿಸ್. 16ರಂದು ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿ ಕಾಸು ಪಡೆದು ಅವುಗಳಿಂದ ಕಚ್ಚಿಸಿಕೊಂಡರು. ನಾಲ್ಕು ದಿನದ ನಂತರ, 20ರಂದು, ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಕಪ್ಪು ಕಣಗಳಿದ್ದ ದುಂಡನೆಯ ಕೋಶಗಳು ಕಂಡವು. ಮರುದಿನ ಇನ್ನೊಂದು ಸೊಳ್ಳೆಯನ್ನು ಸೀಳಿದಾಗ ಅದೇ ಕೋಶಗಳು ಇನ್ನೂ ದೊಡ್ಡದಾಗಿದ್ದವು. ಅಂದರೆ ಪರಾವಲಂಬಿ ಸೊಳ್ಳೆಯೊಳಗೆ ಬೆಳೆಯುತ್ತಿತ್ತು! ಇಂದಿಗೂ ಆಗಸ್ಟ್ 20 ವಿಶ್ವ ಸೊಳ್ಳೆ ದಿನ.

ದಿನಕ್ಕೆಷ್ಟು ಬೆಳೆಯಿತು ಎಂದು ಅಳೆಯುವ ಈ ವಿಧಾನ ಅಪರಾಧ ತನಿಖೆಯಲ್ಲೂ ಇದೆ. ಶವದ ಮೇಲೆ ನೊಣ ಬೇಗನೆ ಮೊಟ್ಟೆ ಇಡುತ್ತದೆ. ಹುಳ ಎಷ್ಟು ಬೆಳೆದಿದೆ, ಅಲ್ಲಿನ ಬಿಸಿಲು ಎಷ್ಟು ಎಂದು ನೋಡಿ ಸಾವು ಎಷ್ಟು ದಿನದ ಹಿಂದೆ ಆಗಿರಬಹುದು ಎಂದು ತಜ್ಞರು ಅಂದಾಜಿಸುತ್ತಾರೆ. ಈ ವಿದ್ಯೆಗೆ 1894ರಲ್ಲಿ ಪುಸ್ತಕ ಬರೆದು ಅಡಿಪಾಯ ಹಾಕಿದ ಮೆಗ್ನಿನ್ ಫ್ರಾನ್ಸಿನ ಸೇನೆಯಲ್ಲಿ ಪಶುವೈದ್ಯರಾಗಿದ್ದವರು.

ಉತ್ತರ ಕೊಟ್ಟದ್ದು ಗುಬ್ಬಚ್ಚಿ

ಕೆಲಸ ಇನ್ನೂ ಅರ್ಧ ಉಳಿದಿತ್ತು. ಸೊಳ್ಳೆಯ ಹೊಟ್ಟೆಯಿಂದ ಅದು ಮತ್ತೆ ಹೊರಬರುವುದು ಹೇಗೆ? ಅಷ್ಟರಲ್ಲಿ ರಾಸ್‌ಗೆ ರಾಜಪುತಾನಕ್ಕೆ ವರ್ಗವಾಯಿತು. 1898ರಲ್ಲಿ ಕಲ್ಕತ್ತಾಕ್ಕೆ ಬಂದಾಗ ಪ್ರಯೋಗಕ್ಕೆ ಮಲೇರಿಯಾ ರೋಗಿಗಳು ಸಿಗಲಿಲ್ಲ. ಅವರು ಹಕ್ಕಿಗಳ ಮಲೇರಿಯಾ ಕೈಗೆತ್ತಿಕೊಂಡರು. ಮಹಮ್ಮದ್ ಬಕ್ಸ್, ಕಿಶೋರಿ ಮೋಹನ್ ಬಂದ್ಯೋಪಾಧ್ಯಾಯ ನೆರವಿಗೆ ನಿಂತರು. ಜುಲೈನಲ್ಲಿ ಪರಾವಲಂಬಿಯು ಸೊಳ್ಳೆಯ ಜೊಲ್ಲಿನ ಗ್ರಂಥಿಯಲ್ಲಿ ಸಿಕ್ಕಿತು. ಅಂಥ ಸೊಳ್ಳೆಗಳಿಂದ ಕಚ್ಚಿಸಿದ ಆರೋಗ್ಯವಂತ ಗುಬ್ಬಚ್ಚಿಗಳಿಗೆ ರೋಗ ಬಂತು. ಕೆಟ್ಟ ಗಾಳಿಯೂ ಅಲ್ಲ, ಕುಡಿಯುವ ನೀರೂ ಅಲ್ಲ, ಕಡಿತವೇ ದಾರಿ ಎಂಬುದು ಖಚಿತವಾಯಿತು.

ಇನ್ನೊಂದು ಸಂಗತಿ ಗಮನಿಸಿ. ಹಕ್ಕಿಗಳ ಮಲೇರಿಯಾ ಸಾಗಿಸಿದ್ದು ಬೂದು ಬಣ್ಣದ ಕ್ಯೂಲೆಕ್ಸ್ ಸೊಳ್ಳೆ. ಅದು ಮನುಷ್ಯರ ಮಲೇರಿಯಾ ಸಾಗಿಸುವುದಿಲ್ಲ. ಹಾಗಾಗಿ ಎಲ್ಲ ಸೊಳ್ಳೆಯೂ ಎಲ್ಲ ರೋಗ ತರುತ್ತದೆ ಎಂಬುದು ತಪ್ಪು. ಮನುಷ್ಯರಲ್ಲಿ ಅನಾಫಿಲಿಸ್ ಪಾತ್ರವನ್ನು ಅದೇ ವರ್ಷ ಇಟಲಿಯ ಗ್ರಾಸ್ಸಿ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಯಾರು ಮೊದಲು ಎಂದು ರಾಸ್ ಅವರೊಡನೆ ವರ್ಷಗಟ್ಟಲೆ ಜಗಳವಾಡಿದರು. ಮುಂದೆ ಗುರು ಮ್ಯಾನ್ಸನ್ ಜೊತೆಗೂ ಕೆಡಿಸಿಕೊಂಡರು. 1902ರಲ್ಲಿ ನೊಬೆಲ್ ಬಂತು. 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ತೀರಿಕೊಂಡರು.

ನಮ್ಮ ಕೊಟ್ಟಿಗೆಗೂ ಇದೇ ಪಾಠ

ದನಗಳ ವಿಷಯದಲ್ಲಿ ಇಂಥ ಸಾಕ್ಷಿ ರಾಸ್‌ಗಿಂತ ಮೊದಲೇ ಸಿಕ್ಕಿತ್ತು. 1893ರಲ್ಲಿ ಅಮೆರಿಕದ ಸ್ಮಿತ್ ಮತ್ತು ಕಿಲ್ಬೋರ್ನ್, ದನಗಳ ಒಂದು ಮಾರಕ ಜ್ವರ ಉಣ್ಣಿಯಿಂದ ಹರಡುತ್ತದೆ ಎಂದು ತೋರಿಸಿದರು. ಮೂತ್ರ ಕೆಂಪಾಗುವ ಆ ರೋಗ ನಮ್ಮ ಮಿಶ್ರತಳಿ ಹಸುಗಳಿಗೂ ಬರುತ್ತದೆ.

ಚರ್ಮಗಂಟು ರೋಗದ ದಾರಿ ಸ್ವಲ್ಪ ಬೇರೆ. ಇಲ್ಲಿ ವೈರಸ್ ನೊಣದೊಳಗೆ ಬೆಳೆಯಬೇಕಿಲ್ಲ. ರೋಗಿ ದನಕ್ಕೆ ಚುಚ್ಚಿದ ಬಾಯಿಂದಲೇ ಪಕ್ಕದ ದನಕ್ಕೆ ಚುಚ್ಚಿದರೆ ಸಾಕು, ತೊಳೆಯದ ಸೂಜಿಯಂತೆ. ಕೊಟ್ಟಿಗೆಯಲ್ಲಿ ಕಚ್ಚುವ ನೊಣ ಮನೆನೊಣದಂತೆಯೇ ಕಾಣುತ್ತದೆ, ಆದರೆ ಅದರ ಬಾಯಿ ಸೂಜಿಯಂತೆ ಮುಂದೆ ಚಾಚಿರುತ್ತದೆ. ಅದು ಮೊಟ್ಟೆ ಇಡುವುದು ಒದ್ದೆ ಸಗಣಿ, ಕೊಳೆತ ಮೇವಿನಲ್ಲಿ.

ನೀವು ಮಾಡಬಹುದಾದದ್ದು ಇಷ್ಟು:

• ಗಂಟು ಕಂಡ ದನವನ್ನು ಬೇರೆ ಕಟ್ಟಿ, ಸಂತೆಗೆ ಒಯ್ಯಬೇಡಿ, ಪಶುವೈದ್ಯರಿಗೆ ತಿಳಿಸಿ.
• ಆರೋಗ್ಯವಾಗಿರುವ ದನಗಳಿಗೆ ಲಸಿಕೆ ಹಾಕಿಸಿ.
• ಸಗಣಿ, ಒದ್ದೆ ಮೇವು ಕೊಟ್ಟಿಗೆಯಲ್ಲಿ ಉಳಿಯದಂತೆ ನೋಡಿಕೊಳ್ಳಿ.
• ಹಾಲನ್ನು ಎಂದಿನಂತೆ ಕಾಯಿಸಿ ಕುಡಿಯಿರಿ.
• ಮನೆಯ ಡ್ರಮ್ಮು, ಬ್ಯಾರಲ್ ಮುಚ್ಚಿಡಿ. ವಾರಕ್ಕೊಮ್ಮೆ ಬರಿದು ಮಾಡಿ ತಿಕ್ಕಿ ತೊಳೆಯಿರಿ.

ಕೊನೆಯದು ಹುಬ್ಬಳ್ಳಿ-ಧಾರವಾಡದವರಿಗೆ ಮುಖ್ಯ. ನಳದ ನೀರು ದಿನಾಲೂ ಬರದ ಓಣಿಗಳಲ್ಲಿ ನೀರು ತುಂಬಿಡುವುದು ಅನಿವಾರ್ಯ. ಮುಚ್ಚದ ಡ್ರಮ್ಮಿನಲ್ಲಿ ಡೆಂಗಿ ತರುವ ಸೊಳ್ಳೆ ಒಂದು ವಾರ, ಹತ್ತು ದಿನದಲ್ಲಿ ಮೊಟ್ಟೆಯಿಂದ ಎದ್ದು ಹಾರುತ್ತದೆ.

ಊರಿನ ಕೊನೆಯ ಸೊಳ್ಳೆಯನ್ನೂ ಕೊಲ್ಲಬೇಕಿಲ್ಲ, ಅವುಗಳ ಸಂಖ್ಯೆಯನ್ನು ಒಂದು ಮಟ್ಟಕ್ಕಿಂತ ಕೆಳಗಿಳಿಸಿದರೆ ಮಲೇರಿಯಾ ತಾನಾಗಿ ಕುಗ್ಗುತ್ತದೆ ಎಂದು ರಾಸ್ ಮುಂದೆ ಲೆಕ್ಕ ಹಾಕಿ ತೋರಿಸಿದರು. ಹೆಬ್ಬಳ್ಳಿಯ ಕೊಟ್ಟಿಗೆಯಿರಲಿ, ಹುಬ್ಬಳ್ಳಿಯ ಓಣಿಯಿರಲಿ, ಬೆಂಗಳೂರಿನ ಆ ತೊಟ್ಟಿಯ ಉಪಾಯ ಇಂದಿಗೂ ನಡೆಯುತ್ತದೆ. ಹಾಲಿನ ಬಗ್ಗೆ ಹೆದರಿಸುವ ಸಂದೇಶ ಬಂದರೆ ಅದನ್ನು ಮುಂದೆ ಕಳಿಸಬೇಡಿ. ಹೋಗಿ ಮನೆ ಹಿಂದಿನ ಡ್ರಮ್ಮಿನಲ್ಲಿ ಒಮ್ಮೆ ಇಣುಕಿ ನೋಡಿ.